ಮುತ್ಯಾ ಕೇಳಿದ್ದು ಕನ್ನಡದಲ್ಲಿ, ಮಾತು ನಡೆದದ್ದು ಉರ್ದುವಿನಲ್ಲಿ

ಈ ಸಲ ಯುಗಾದಿ ಭಾನುವಾರ ಬಂದಿತ್ತು. ಹೈದರಾಬಾದಿನ ಗಚ್ಚಿಬೌಲಿಯ ನಮ್ಮ ಫ್ಲ್ಯಾಟಿನಲ್ಲಿ ಬೇವು-ಬೆಲ್ಲ, ಹೋಳಿಗೆ ಊಟ ಎಲ್ಲ ಮುಗಿದ ಮೇಲೆ ರಾಯಚೂರಿಗೆ ವಿಡಿಯೊ ಕರೆ ಮಾಡಿದೆ. ಅಪ್ಪ ಮಾತಾಡಿ ಫೋನನ್ನು ಮುತ್ಯಾನ ಕೈಗೆ ಕೊಟ್ಟರು. ಮುತ್ಯಾ ಅಂದರೆ ನಮ್ಮ ಅಜ್ಜ. ನಮ್ಮ ಕಡೆ ಮುತ್ಯಾನನ್ನು ಏಕವಚನದಲ್ಲೇ ಕರೆಯುವುದು, ಬಹುವಚನ ಹಚ್ಚಿದರೆ ಅವನಿಗೇ ಸಿಟ್ಟು. ವಯಸ್ಸು ಈಗ 92. ಕಿವಿ ಮಂದ, ಕಣ್ಣು ಇನ್ನೂ ಚುರುಕು.

ಪರದೆಯ ಮೇಲೆ ಮರಿಮೊಮ್ಮಗಳನ್ನು ಕಂಡು ಕೇಳಿದ: ‘ಹೋಳಿಗಿ ಉಂಡೀ ಏನವ್ವ?’

ಆರು ವರ್ಷದ ನನ್ನ ಮಗಳು ನನ್ನ ಕಡೆ ತಿರುಗಿದಳು. ‘ಪಪ್ಪಾ, ವಾಟ್ ಈಸ್ ಹಿ ಸೇಯಿಂಗ್?’

ಕೇಳಿಸಲಿಲ್ಲವೇನೋ ಎಂದುಕೊಂಡು ಮುತ್ಯಾ ಇನ್ನಷ್ಟು ಜೋರಾಗಿ ಅದನ್ನೇ ಕೇಳಿದ. ಅವಳು ಗಾಬರಿಯಿಂದ ‘ಯೆಸ್, ಯೆಸ್’ ಎಂದು ತಲೆಯಾಡಿಸಿದಳು. ಮುತ್ಯಾ ಸ್ವಲ್ಪ ಹೊತ್ತು ಸುಮ್ಮನೆ ಅವಳ ಮುಖ ನೋಡಿದ. ಆಮೇಲೆ ಅಂದ: ‘ಬೇಟೀ, ಖಾನಾ ಹೋ ಗಯಾ?’

ಮಗಳ ಮುಖ ಅರಳಿತು. ‘ಹಾಂ, ಹೋ ಗಯಾ! ಆಪ್ನೇ ಖಾಯಾ?’

ಶಾಲೆಯಲ್ಲಿ ಕಲಿತ ಅವಳ ಹಿಂದಿಯೂ ಅವನ ಹಳೆಯ ಉರ್ದುವೂ ಕೂಡಿ ಹತ್ತು ನಿಮಿಷ ಚೆನ್ನಾಗಿಯೇ ಮಾತು ನಡೆಯಿತು. ಮುತ್ಯಾ ನಕ್ಕ, ಮಗಳೂ ನಕ್ಕಳು. ನಾನೂ ಹೆಂಡತಿಯೂ ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ಅವಳ ತವರು ಕೊಪ್ಪಳ, ನನ್ನದು ರಾಯಚೂರು. ಮನೆಯಲ್ಲಿ ಇಬ್ಬರೂ ಕನ್ನಡದವರೇ. ನಮ್ಮ ಮಗಳಿಗೆ ಮುತ್ಯಾನ ಜೊತೆ ಮಾತಾಡಲು ಉರ್ದು ಬೇಕಾಯಿತು.

ಆ ಉರ್ದು ಅವನಿಗೆ ಹೇಗೆ ಬಂತು ಎಂಬುದು ಗೊತ್ತಿದ್ದವರಿಗೆ ಈ ಮಾತಿನ ಭಾರ ತಿಳಿದೀತು.

‘ಹಾಜಿರ್ ಜನಾಬ್’

ಮುತ್ಯಾ ಹುಟ್ಟಿದಾಗ ರಾಯಚೂರಿಗೆ ಬೆಂಗಳೂರು ಪರದೇಶ. ರಾಜಧಾನಿ ಹೈದರಾಬಾದ್, ದೊರೆ ನಿಜಾಮ. ಸಂಸ್ಥಾನದ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ, ಕನ್ನಡ. ಆದರೆ 1880ರ ದಶಕದಲ್ಲಿ ಫಾರ್ಸಿಯ ಜಾಗಕ್ಕೆ ಬಂದ ಉರ್ದುವೇ ಕಚೇರಿ, ಕೋರ್ಟು, ಮೇಲಿನ ಶಾಲೆಗಳ ಭಾಷೆ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದೂ ಉರ್ದು ಮಾಧ್ಯಮದಲ್ಲೇ. ವೈದ್ಯಕೀಯ, ಎಂಜಿನಿಯರಿಂಗ್ ಪಾಠವನ್ನೂ ಉರ್ದುವಿನಲ್ಲಿ ಹೇಳಲು ಪುಸ್ತಕಗಳನ್ನು ಅನುವಾದಿಸುವ ಇಲಾಖೆಯನ್ನೇ ಕಟ್ಟಿದ್ದರು. ಎಂ.ಟೆಕ್.ವರೆಗೆ ಓದಿ ಒಂದು ಸಮೀಕರಣವನ್ನೂ ಕನ್ನಡದಲ್ಲಿ ವಿವರಿಸಲು ಬಾರದ ನನಗೆ ಈ ಸಾಹಸದ ಬಗ್ಗೆ ಗೌರವವಿದೆ. ಆದರೆ ಆ ಗೌರವ ಬೇರೆ ಮನೆಮಾತಿನ ಹುಡುಗನೊಬ್ಬನ ಬೆಂಚಿನ ಮೇಲೆ ಕೂತು ನೋಡಿದಾಗ ಬೇರೆಯೇ ಕಾಣುತ್ತದೆ.

ಹಳ್ಳಿಯಲ್ಲಿ ಕನ್ನಡ ಅಕ್ಷರ ಕಲಿತು ಮುಂದಿನ ಓದಿಗೆ ಪೇಟೆಗೆ ಬಂದ ಮುತ್ಯಾ, ಮೊದಲ ದಿನ ಹಾಜರಿ ಕರೆದಾಗ ‘ಬಂದೀನ್ರಿ’ ಅಂದನಂತೆ. ಇಡೀ ತರಗತಿ ನಕ್ಕಿತಂತೆ. ‘ಹಾಜಿರ್ ಜನಾಬ್’ ಎನ್ನಬೇಕು ಎಂಬುದನ್ನು ಮೇಷ್ಟ್ರು ಬೆತ್ತದಿಂದಲೇ ಕಲಿಸಿದರು. ಅದನ್ನು ಹೇಳುವಾಗ ಇವತ್ತಿಗೂ ಅವನ ಬಲಗೈ ತಾನಾಗಿ ಹಿಂದಕ್ಕೆ ಹೋಗುತ್ತದೆ. ಆದರೆ ಉರ್ದುವನ್ನು ಅವನು ದ್ವೇಷಿಸಲಿಲ್ಲ. ಕಲಿತ, ಇಷ್ಟಪಟ್ಟ, ಚಂದದ ಕೈಬರಹ ಮಾಡಿಕೊಂಡ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿದಾಗ ಅವನಿಗೆ ಹದಿನೈದು. 1956ರ ನವೆಂಬರ್ 1ರಂದು ಸಂಸ್ಥಾನ ಮೂರು ಪಾಲಾಗಿ ರಾಯಚೂರು, ಗುಲಬರ್ಗಾ, ಬೀದರ್ ಮೈಸೂರು ರಾಜ್ಯಕ್ಕೆ ಬಂದ ಮೇಲೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾದ. ಹಳೆಯ ಉರ್ದು ಕಾಗದ ಓದಿಸಿಕೊಳ್ಳಲು ಜಮೀನಿನ ಜಗಳದವರು ಅವನು ನಿವೃತ್ತನಾದ ಮೇಲೂ ಮನೆಗೆ ಬರುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಅವನಂಥವರು ಬಹಳ ಮಂದಿ ಇದ್ದರು. ಕೊಪ್ಪಳದ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಉಸ್ಮಾನಿಯಾದಲ್ಲಿ ಓದಿ, ದೊಡ್ಡ ಅಧಿಕಾರಿಯಾಗಿ, ‘ಕಾವ್ಯಾನಂದ’ ಎಂಬ ಹೆಸರಿನಲ್ಲಿ ಕನ್ನಡದ ಕವಿಯಾಗಿ, 1987ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ರಾಯಚೂರು ಜಿಲ್ಲೆಯ ಹೆಂಬೆರಾಳದ ಶಾಂತರಸರು ಉರ್ದುವಿನಿಂದ ಗಜಲ್ ತಂದು ಕನ್ನಡಕ್ಕೆ ಕೂಡಿಸಿದರು, 2006ರ ಬೀದರ್ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಹೊರಗಿನ ಭಾಷೆಯನ್ನು ಚೆನ್ನಾಗಿ ಕಲಿತೂ ಮನೆಯ ಭಾಷೆಯನ್ನು ಬಿಡದ ತಲೆಮಾರು ಅದು.

ಡಬ್ಲಿನ್ನಿನಿಂದ ಬಂದ ಪ್ರಶ್ನೆ

ಮರುದಿನ ಸೋಮವಾರ. ನಮ್ಮ ತಂಡದ ಅರ್ಧ ಭಾಗ ಐರ್ಲೆಂಡಿನ ಡಬ್ಲಿನ್ನಿನಲ್ಲಿದೆ. ಕೆಲಸದ ಮಾತಿಗೆ ಮುಂಚೆ ಅಲ್ಲಿಯ ಸಹೋದ್ಯೋಗಿಯೊಬ್ಬ ‘ಹಬ್ಬ ಹೇಗಾಯಿತು?’ ಎಂದು ಕೇಳಿದ. ಯಾಕೋ ಏನೋ, ನಡೆದದ್ದನ್ನು ಹಾಗೇ ಹೇಳಿಬಿಟ್ಟೆ. ಅವನು ನಗಲಿಲ್ಲ. ‘ನಾನು ಐರಿಷ್ ಭಾಷೆಯನ್ನು ಶಾಲೆಯಲ್ಲಿ ಹದಿಮೂರು ವರ್ಷ ಕಲಿತೆ. ಈಗ ಸರಿಯಾಗಿ ನೆನಪಿರುವುದು ಒಂದೇ ವಾಕ್ಯ: ಶೌಚಾಲಯಕ್ಕೆ ಹೋಗಲು ಅಪ್ಪಣೆ ಕೊಡಿ’ ಎಂದ. ತರಗತಿಯಲ್ಲಿ ಅದನ್ನು ಐರಿಷ್‌ನಲ್ಲಿ ಕೇಳಿದರೆ ಮಾತ್ರ ಬಿಡುತ್ತಿದ್ದರಂತೆ. ಅವರ ದೇಶದಲ್ಲಿ ಎಲ್ಲರಿಗೂ ನೆನಪಿರುವ ವಾಕ್ಯ ಅದೇ ಎಂದು ಆಮೇಲೆ ತಾನೇ ನಕ್ಕ.

ಅಲ್ಲಿಂದ ನಾನು ಐರಿಷ್ ಬಗ್ಗೆ ಓದತೊಡಗಿದೆ. ಓದಿದಷ್ಟೂ ಕಸಿವಿಸಿಯಾಯಿತು. ಕಾಗದದ ಮೇಲೆ ಆ ಭಾಷೆಗೆ ಇರುವಷ್ಟು ಮರ್ಯಾದೆಯನ್ನು ನಾವು ಕನ್ನಡಕ್ಕೂ ಕನಸು ಕಂಡಿರಲಾರೆವು. 1937ರ ಸಂವಿಧಾನದಲ್ಲಿ ಅದೇ ರಾಷ್ಟ್ರಭಾಷೆ, ಅದೇ ಮೊದಲ ಅಧಿಕೃತ ಭಾಷೆ, ಇಂಗ್ಲಿಷ್ ಎರಡನೆಯದು. ಪ್ರಧಾನಿಯ ಹುದ್ದೆಯ ಹೆಸರು, ಸಂಸತ್ತಿನ ಹೆಸರು, ಪೊಲೀಸರ ಹೆಸರು ಎಲ್ಲ ಐರಿಷ್‌ನಲ್ಲಿ. ರಸ್ತೆಯ ಫಲಕಗಳಲ್ಲಿ ಊರಿನ ಹೆಸರು ಮೊದಲು ಐರಿಷ್‌ನಲ್ಲಿ, ಕೆಳಗೆ ಇಂಗ್ಲಿಷ್‌ನಲ್ಲಿ. 1996ರಿಂದ ಅದರದೇ ಟಿ.ವಿ. ವಾಹಿನಿ. 2007ರಿಂದ ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಗಳಲ್ಲಿ ಅದೂ ಒಂದು. ಐರಿಷ್ ಭಾಷೆಯ ಪುನರುಜ್ಜೀವನಕ್ಕೆ 1893ರಲ್ಲಿ ಗೇಲಿಕ್ ಲೀಗ್ ಕಟ್ಟಿದವರಲ್ಲಿ ಒಬ್ಬರಾದ ಡಗ್ಲಸ್ ಹೈಡ್ ಅವರನ್ನೇ 1938ರಲ್ಲಿ ಆ ದೇಶ ತನ್ನ ಮೊದಲ ಅಧ್ಯಕ್ಷರನ್ನಾಗಿ ಮಾಡಿಕೊಂಡಿತು.

ಇಷ್ಟಾಗಿಯೂ 2022ರ ಜನಗಣತಿ ಹೇಳುವುದೇನು? ಸುಮಾರು 51 ಲಕ್ಷ ಜನರ ದೇಶದಲ್ಲಿ ‘ನನಗೆ ಐರಿಷ್ ಬರುತ್ತದೆ’ ಎಂದವರು ಸುಮಾರು 18.7 ಲಕ್ಷ. ಶಾಲೆಯ ಹೊರಗೆ ಅದನ್ನು ದಿನಾ ಮಾತಾಡುತ್ತೇವೆ ಎಂದವರು 72 ಸಾವಿರಕ್ಕೂ ಕಡಿಮೆ. ಭಾಷೆ ಫಲಕದ ಮೇಲಿದೆ, ಪರೀಕ್ಷೆಯಲ್ಲಿದೆ, ಹೆಮ್ಮೆಯಲ್ಲಿದೆ. ಪಶ್ಚಿಮ ಕರಾವಳಿಯ ಕೆಲವು ಸೀಮೆಗಳನ್ನು ಬಿಟ್ಟರೆ ಊಟದ ಮೇಜಿನ ಮೇಲೆ ಇಲ್ಲ.

ಕೊರಳಿನ ಕಡ್ಡಿ

ಅದು ಹೇಗೆ ಹೋಯಿತು ಎಂಬ ಕತೆಯಲ್ಲಿ ನನ್ನನ್ನು ನಿದ್ದೆಗೆಡಿಸಿದ ಒಂದು ವಸ್ತುವಿದೆ. ಒಂದು ಸಣ್ಣ ಕಡ್ಡಿ. 19ನೇ ಶತಮಾನದ ಐರ್ಲೆಂಡಿನಲ್ಲಿ ಅದನ್ನು ದಾರದಲ್ಲಿ ಪೋಣಿಸಿ ಮಗುವಿನ ಕೊರಳಿಗೆ ಕಟ್ಟುತ್ತಿದ್ದರು. ಮಗು ಐರಿಷ್ ಮಾತಾಡಿದಾಗಲೆಲ್ಲ ಕಡ್ಡಿಯ ಮೇಲೆ ಒಂದು ಗೀರು. ಸಂಜೆ ಗೀರುಗಳನ್ನು ಎಣಿಸಿ ಅಷ್ಟು ಪೆಟ್ಟು. 1831ರಿಂದ ಶುರುವಾದ ಸರ್ಕಾರಿ ಶಾಲೆಗಳು ಇಂಗ್ಲಿಷಿನವು, ಆದ್ದರಿಂದ ಇದು ಬ್ರಿಟಿಷರ ಕ್ರೌರ್ಯ ಎಂದು ನಾನು ಮೊದಲು ಅಂದುಕೊಂಡೆ. ಮುಂದೆ ಓದಿದರೆ, ಎಷ್ಟೋ ಮನೆಗಳಲ್ಲಿ ಆ ಗೀರು ಎಳೆಯುತ್ತಿದ್ದವರು ತಂದೆತಾಯಿಯರೇ. ಐರಿಷ್ ಬಿಟ್ಟರೆ ಬೇರೆ ಮಾತು ಸರಿಯಾಗಿ ಬಾರದ ತಂದೆತಾಯಿಯರು.

ಅವರನ್ನು ಬೈಯಲು ಬಾಯಿ ಬರುವುದಿಲ್ಲ. 1845ರಿಂದ ಕೆಲವು ವರ್ಷ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಭೀಕರ ಬರ. ಹತ್ತು ಲಕ್ಷದಷ್ಟು ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಹೆಚ್ಚು ಸತ್ತದ್ದೂ ಹೆಚ್ಚು ಗುಳೆ ಹೋದದ್ದೂ ಐರಿಷ್ ಮಾತಾಡುವ ಬಡ ಸೀಮೆಗಳವರು. ಅಮೆರಿಕಕ್ಕೆ ಹೋಗುವ ಮಗನಿಗೆ ಇಂಗ್ಲಿಷ್ ಬೇಕು. ಮನೆಯ ಮಾತು ಬಡತನದ ಮಾತು. ‘ನಮ್ಮ ಪಾಡು ಮಕ್ಕಳಿಗೆ ಬೇಡ’ ಎಂಬ ಪ್ರೀತಿಯೇ ಆ ಕಡ್ಡಿಯ ಮೇಲೆ ಗೀರು ಎಳೆಯಿತು.

ಈಗ ನಮ್ಮ ಸೀಮೆಯನ್ನು ಪಕ್ಕದಲ್ಲಿ ಇಟ್ಟು ನೋಡಿ. ನಿಜಾಮರ ಕಾಲದ ರಾಯಚೂರಿನಲ್ಲಿ ಕನ್ನಡಕ್ಕೆ ಆಳುವವರ ಬಲವಿರಲಿಲ್ಲ. ಆದರೂ ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಕನ್ನಡ ಅಲುಗಲಿಲ್ಲ. ಮಾನ್ವಿಯ ಜಗನ್ನಾಥದಾಸರ ಪದಗಳನ್ನು ಹಾಡುವವರಿದ್ದರು, ಕಡಕೋಳ ಮಡಿವಾಳಪ್ಪನವರ ತತ್ವಪದದ ಭಜನೆ ಇತ್ತು, ಮೊಹರಂ ಬಂದರೆ ರಿವಾಯತ್ ಪದಗಳೂ ಕನ್ನಡದಲ್ಲೇ. 1934ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನವೂ ನಡೆಯಿತು. ಕಚೇರಿಯ ಅರ್ಜಿ, ಜಮೀನು, ವಕೀಲ, ದಫ್ತರಗಳೆಲ್ಲ ನಮ್ಮ ಮಾತಿನೊಳಗೆ ಬಂದು ವಿಭಕ್ತಿ ಹಚ್ಚಿಕೊಂಡು ನಮ್ಮವೇ ಆದವು.

ಇದೆಲ್ಲ ನಮ್ಮ ಹಿರಿಯರ ಕನ್ನಡಾಭಿಮಾನದಿಂದಲೇ ಆಯಿತು ಎಂದು ಎದೆಯುಬ್ಬಿಸಿ ಬರೆಯಬಹುದಿತ್ತು. ಮುತ್ಯಾ ಬಿಡಲಿಲ್ಲ. ಫೋನಿನಲ್ಲಿ ಕೇಳಿದಾಗ ಅವನು ಹೇಳಿದ್ದು ಇಷ್ಟೇ: ‘ಅಭಿಮಾನ ಎಲ್ಲಿಂದ ಬಂತಪ? ಸಾಲಿನೇ ಇರಲಿಲ್ಲ. ನಿಮ್ಮ ಆಯಿ ಸಾಲಿ ಮೆಟ್ಟಲಾ ಹತ್ತಲಿಲ್ಲ. ಆಕಿಗಿ ಉರ್ದು ಕಲಸೋರು ಯಾರು?’

ನಿಜ. ಉರ್ದು ಕಚೇರಿಯ ತನಕ ಬಂತು, ಒಲೆಯ ತನಕ ಬರಲಿಲ್ಲ. ಶಾಲೆಗೆ ಹೋದವರು ಕೆಲವರು, ಅದರಲ್ಲೂ ಗಂಡಸರು. ಮಕ್ಕಳಿಗೆ ಮಾತು ಕಲಿಸಿದ್ದು ಶಾಲೆ ಕಾಣದ ಆಯಿಯಂದಿರು. ಕನ್ನಡ ಉಳಿದದ್ದರಲ್ಲಿ ಅಭಿಮಾನಕ್ಕಿಂತ ಬಡತನದ ಪಾಲೇ ದೊಡ್ಡದು. ನಮ್ಮ ತಲೆಮಾರಿನಲ್ಲಿ ಆ ಗೋಡೆ ಬಿದ್ದಿದೆ, ಬೀಳಲೇಬೇಕಿತ್ತು. ಈಗ ಮನೆಯಲ್ಲಿ ಎಲ್ಲರೂ ಓದಿದವರು, ಎಲ್ಲರೂ ಊರು ಬಿಟ್ಟವರು. ಮಗುವಿಗೆ ಯಾವ ಮಾತು ಎಂದು ನಿರ್ಧರಿಸುವವರು ನಿಜಾಮರೂ ಅಲ್ಲ, ಬ್ರಿಟಿಷರೂ ಅಲ್ಲ. ಕಡ್ಡಿ ನಮ್ಮ ಕೈಗೇ ಬಂದಿದೆ.

ನಾನು ಎಳೆದ ಗೀರು

ಈಗ ನನ್ನ ತಪ್ಪೊಪ್ಪಿಗೆ. ಮಗಳಿಗೆ ಮೂರು ತುಂಬುವವರೆಗೆ ಅವಳು ಮಾತಾಡುತ್ತಿದ್ದುದು ಕನ್ನಡವೇ. ‘ನಂಗ ಬ್ಯಾಡ’, ‘ಇಲ್ಲಿ ಕೂಡು’ ಎಂದು ರಾಯಚೂರು ಮಾತು ಮುದ್ದಾಗಿ ಬರುತ್ತಿತ್ತು. ಆಗಿನ ವಿಡಿಯೊಗಳು ನನ್ನ ಫೋನಿನಲ್ಲಿ ಇನ್ನೂ ಇವೆ. ಪ್ಲೇ ಸ್ಕೂಲಿಗೆ ಸೇರಿಸಿದ ತಿಂಗಳಲ್ಲೇ ಕರೆ ಬಂತು. ‘ಮಗು ತರಗತಿಯಲ್ಲಿ ಸುಮ್ಮನೆ ಕೂರುತ್ತದೆ, ಬೇರೆ ಮಕ್ಕಳೊಂದಿಗೆ ಬೆರೆಯುತ್ತಿಲ್ಲ. ಮನೆಯಲ್ಲಿ ಸ್ವಲ್ಪ ದಿನ ಇಂಗ್ಲಿಷೇ ಮಾತಾಡಿ’ ಎಂದರು. ನಾವಿಬ್ಬರೂ ಒಂದು ಪ್ರಶ್ನೆ ಕೇಳದೆ ತಲೆಯಾಡಿಸಿದೆವು. ಎರಡು ಪ್ರಾಜೆಕ್ಟುಗಳ ನಡುವೆ ಸಿಕ್ಕ ಹೊತ್ತಿನಲ್ಲಿ ಹದಿನೈದು ನಿಮಿಷದ ಭೇಟಿ. ಕೋಡಿನಲ್ಲಿ ಒಂದು ಸಾಲು ಬದಲಿಸಲು ಮೂವರ ಒಪ್ಪಿಗೆ ಕೇಳುವ ನಾನು, ಮನೆಯ ಮಾತು ಬದಲಿಸಲು ಯಾರನ್ನೂ ಕೇಳಲಿಲ್ಲ.

‘ಸ್ವಲ್ಪ ದಿನ’ ಮೂರು ವರ್ಷವಾಯಿತು. ಮಗಳು ಕನ್ನಡದಲ್ಲಿ ಏನಾದರೂ ಅಂದಾಗ ‘ಸೇ ಇಟ್ ಇನ್ ಇಂಗ್ಲಿಷ್, ಬೇಟಾ’ ಎಂದವನು ನಾನೇ. ಗೀರು ಎಳೆದಂತೆಯೇ ಅಲ್ಲವೇ? ಪೆಟ್ಟಿನ ಬದಲು ಚಾಕೊಲೇಟ್ ಕೊಟ್ಟೆ, ಅಷ್ಟೇ ವ್ಯತ್ಯಾಸ.

ಊರಿನ ಮೇಲೆ, ಶಾಲೆಗಳ ಮೇಲೆ ಗೂಬೆ ಕೂರಿಸುವುದು ಸುಲಭ. ತೆಲಂಗಾಣದಲ್ಲಿ 2018ರ ಕಾಯ್ದೆಯಿಂದ ಎಲ್ಲ ಶಾಲೆಗಳಲ್ಲೂ ತೆಲುಗು ಕಲಿಯಬೇಕು. ಕಲಿಯಲಿ, ಅನ್ನ ಕೊಟ್ಟ ಊರಿನ ಮಾತು. ಹೈದರಾಬಾದಿನಲ್ಲಿ ಕನ್ನಡವೇನೂ ಅನಾಥವಲ್ಲ. ಹಳೆಯ ಕನ್ನಡಿಗರು ಕಾಚಿಗುಡದಲ್ಲಿ ಸಾಹಿತ್ಯ ಮಂದಿರ ಕಟ್ಟಿದ್ದಾರೆ, ನೃಪತುಂಗನ ಹೆಸರಿನಲ್ಲಿ ಶಾಲೆ ನಡೆಸಿದ್ದಾರೆ. ಗಚ್ಚಿಬೌಲಿಯಿಂದ ಕಾಚಿಗುಡಕ್ಕೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಒಂಬತ್ತು ವರ್ಷದಲ್ಲಿ ನಾನು ಅಲ್ಲಿಗೆ ಹೋದದ್ದು ಎರಡೇ ಸಲ. ನವೆಂಬರಿನಲ್ಲಿ ಮಾತ್ರ ಹಳದಿ-ಕೆಂಪು ಶಾಲು ಹೊದ್ದು ಫೋಟೊ ಹಾಕುವ ನನಗೂ, ಶೌಚಾಲಯದ ವಾಕ್ಯ ಮಾತ್ರ ನೆನಪಿರುವ ಡಬ್ಲಿನ್ ಗೆಳೆಯನಿಗೂ ಏನು ಅಂತರ?

ಅಂತರವಿದೆ, ಅವನ ಪರವಾಗಿಯೇ. ಅವನು ಮಗನನ್ನು ‘ಗೇಲ್‌ಸ್ಕೋಲ್’ಗೆ ಸೇರಿಸಿದ್ದಾನೆ. ಎಲ್ಲ ಪಾಠವೂ ಐರಿಷ್‌ನಲ್ಲೇ ನಡೆಯುವ ಶಾಲೆ. ಐರಿಷ್ ಮನೆಮಾತಲ್ಲದ ಊರುಗಳಲ್ಲೂ ಪೋಷಕರು ಕೇಳಿ ಕೇಳಿ ತೆರೆಸಿದ ಶಾಲೆಗಳಿವು. ಮಗ ಕಲಿತದ್ದನ್ನು ಅಪ್ಪ ರಾತ್ರಿ ಮಗನಿಂದ ಕಲಿಯುತ್ತಾನಂತೆ. ಕಳೆದುಕೊಂಡವರಿಗೆ ಬೆಲೆ ಗೊತ್ತು.

‘ಹೌದು’ ಇಲ್ಲದ ಭಾಷೆ

ಆ ಗೆಳೆಯನೇ ಒಂದು ದಾರಿ ತೋರಿಸಿದ. ಐರಿಷ್‌ನಲ್ಲಿ ‘ಯೆಸ್’, ‘ನೋ’ ಎನ್ನುವುದಕ್ಕೆ ಪದವೇ ಇಲ್ಲವಂತೆ. ‘ಬಂದೆಯಾ?’ ಎಂದು ಕೇಳಿದರೆ ‘ಬಂದೆ’ ಎನ್ನಬೇಕು, ಇಲ್ಲವೇ ‘ಬರಲಿಲ್ಲ’ ಎನ್ನಬೇಕು. ಇದನ್ನು ಕೇಳಿ ನಾನು ಕುರ್ಚಿಯಿಂದ ಎದ್ದೆ. ನಾವೂ ಹಾಗೇ ಅಲ್ಲವೇ? ನಮ್ಮಲ್ಲಿ ‘ಹೌದು’ ಇದೆ, ಆದರೆ ‘ಉಂಡೆಯಾ?’ ಎಂದರೆ ‘ಹೌದು’ ಎನ್ನುವವರು ಯಾರು? ‘ಉಂಡೆ’ ಎನ್ನುತ್ತೇವೆ. ಅವರಲ್ಲಿ ‘ನಾನು ಪುಸ್ತಕ ಹೊಂದಿದ್ದೇನೆ’ ಎಂಬ ಮಾತಿಲ್ಲ, ‘ಪುಸ್ತಕ ನನ್ನ ಬಳಿ ಇದೆ’ ಎನ್ನುತ್ತಾರೆ. ನಮ್ಮಂತೆಯೇ. ಹಸಿವು ಅವರ ಮೇಲೆ ಇರುತ್ತದೆ, ನಮಗೆ ಆಗುತ್ತದೆ. ಎಲ್ಲಿಯ ಅಟ್ಲಾಂಟಿಕ್ ದಂಡೆ, ಎಲ್ಲಿಯ ಕೃಷ್ಣಾ ದಂಡೆ!

ಅಂದಿನಿಂದ ಮನೆಯಲ್ಲಿ ಒಂದು ಆಟ. ರಾತ್ರಿ ಊಟದ ಹೊತ್ತಿಗೆ ಅಮ್ಮ, ಅಪ್ಪ, ಮಗಳು ಯಾರೂ ‘ಯೆಸ್’, ‘ನೋ’ ಅನ್ನಬಾರದು. ಕೇಳಿದ ಕ್ರಿಯಾಪದದಲ್ಲೇ ಉತ್ತರ. ಬೇಕಾ? ಬೇಕು. ಸಾಕಾ? ಸಾಕು. ಬಿಸಿ ಇದೆಯಾ? ಇದೆ. ಸೋತವರು ತಟ್ಟೆ ಎತ್ತಬೇಕು. ಮೊದಲ ವಾರ ಹೆಚ್ಚು ಸಲ ತಟ್ಟೆ ಎತ್ತಿದವನು ನಾನು. ಮಗಳಲ್ಲ.

ಅಕ್ಷರಕ್ಕೆ ತೆಲುಗೇ ಸಹಾಯಕ್ಕೆ ಬಂತು. ಅವಳು ಶಾಲೆಯಲ್ಲಿ ತೆಲುಗು ಓದುತ್ತಾಳೆ. ಎರಡು ಲಿಪಿಗಳೂ ಒಂದೇ ತಾಯಿಯ ಮಕ್ಕಳು. ಗ, ದ, ನ, ಬ, ರ ಕಂಡ ಕೂಡಲೇ ಓದಿದಳು. ತಲಕಟ್ಟಿನ ಓರೆ ಬೇರೆ, ‘ಕ’, ‘ತ’ದಂಥ ಕೆಲವು ಬೇರೆ, ಅಷ್ಟನ್ನು ಕಲಿತರೆ ಸಾಕು. ತೆಲುಗು ನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರಿಗೆ ಇದೊಂದು ಮಾತು: ಅರ್ಧ ಕನ್ನಡವನ್ನು ಶಾಲೆಯೇ ಕಲಿಸಿ ಕಳಿಸುತ್ತಿದೆ, ಉಳಿದರ್ಧ ನಮ್ಮ ಪಾಲು.

ಕಾಯ್ದೆ, ಫಲಕ, ಹುದ್ದೆಗಳು ಬೇಡವೆಂದು ನಾನು ಹೇಳುತ್ತಿಲ್ಲ. ಅವಿಲ್ಲದಿದ್ದರೆ ಐರಿಷ್ ಇಷ್ಟೂ ಉಳಿಯುತ್ತಿರಲಿಲ್ಲ. ಆದರೆ ನಮ್ಮ ಮಗುವಿಗೆ ‘ಉಂಡೀ ಏನವ್ವ?’ ಎಂದು ಕೇಳಲು ಯಾವ ಸರ್ಕಾರವೂ ಮನೆಗೆ ಬರುವುದಿಲ್ಲ.

ದಸರೆ ರಜೆಗೆ ರಾಯಚೂರಿಗೆ ಹೋದೆವು. ಮಖ್ತಲ್ ದಾಟಿ, ಕೃಷ್ಣಾ ನದಿಯ ಸೇತುವೆ ಬಂದಾಗ ಮಗಳು ಆಚೆ ದಡದ ಫಲಕವನ್ನು ಕೂಡಿಸಿ ಕೂಡಿಸಿ ಓದಿದಳು. ಮನೆ ತಲುಪುವ ಹೊತ್ತಿಗೆ ಮಧ್ಯಾಹ್ನ. ಊಟವಾದ ಮೇಲೆ ಮುತ್ಯಾ ಕಟ್ಟೆಯ ಮೇಲೆ ಕೂತು ಅವಳನ್ನು ಹತ್ತಿರ ಕರೆದ. ಅಭ್ಯಾಸಬಲದಿಂದ ‘ಬೇಟೀ, ಖಾನಾ...’ ಎಂದು ಶುರುಮಾಡಿ, ಏನನ್ನಿಸಿತೋ, ನಿಲ್ಲಿಸಿ ಕೇಳಿದ: ‘ಉಂಡೀ ಏನವ್ವ?’

ಮಗಳು ನನ್ನ ಕಡೆ ನೋಡಲಿಲ್ಲ. ಸ್ವಲ್ಪ ಯೋಚಿಸಿ, ‘ತಿನ್ನೆ’ ಎಂದಳು.

ತೆಲುಗಿನ ‘ತಿನ್ನಾನು’, ಕನ್ನಡದ ‘ತಿಂದೆ’ ಎರಡೂ ಕಲೆತ ಉತ್ತರ. ನಾನು ತಿದ್ದಲು ಬಾಯಿ ತೆರೆದೆ. ಮುತ್ಯಾ ಕೈ ಎತ್ತಿ ನನ್ನನ್ನು ತಡೆದ. ಅದೇ ಬಲಗೈ.

‘ಸುಮ್ಮನಿರಪ. ಬರ್ತದ’ ಎಂದ. ಆಮೇಲೆ ಅವಳ ಕಡೆ ತಿರುಗಿ ಮುಂದಿನ ಪ್ರಶ್ನೆ ಕೇಳಿದ: ‘ಏನು ತಿಂದಿ?’